ಹಳೆಯ ಸೋಡಿಯಂ ದೀಪ: ಆಂಪಿಯರ್ ಇಳಿದರೂ ಯೂನಿಟ್ ಏರುವುದೇಕೆ?

ನಾನು ನೋಡಿಕೊಳ್ಳುವ ಮಾರುಕಟ್ಟೆ ಯಾರ್ಡಿನಲ್ಲಿ 24 ಸೋಡಿಯಂ ದೀಪಗಳಿವೆ. ಎಲ್ಲವೂ 250 ವ್ಯಾಟಿನವು, ಎಲ್ಲಕ್ಕೂ ಕರೆಂಟನ್ನು ಮಿತಿಯಲ್ಲಿಡುವ ತಾಮ್ರದ ಸುತ್ತಿನ ಚೋಕ್. ಟೈಮರ್ ಸಂಜೆ ಆರೂವರೆಗೆ ಹಚ್ಚುತ್ತದೆ, ಬೆಳಗಿನ ಐದೂವರೆಗೆ ಆರಿಸುತ್ತದೆ. ದೀಪ ಹೆಚ್ಚಿಸಿಲ್ಲ, ಉರಿಯುವ ಹೊತ್ತೂ ಹೆಚ್ಚಿಲ್ಲ. ಆದರೂ ಎರಡು ವರ್ಷದಿಂದ ಬಿಲ್ಲಿನಲ್ಲಿ ಯೂನಿಟ್ ಸ್ವಲ್ಪ ಸ್ವಲ್ಪವೇ ಏರುತ್ತ ಬಂದಿತ್ತು. ಯಾರೋ ಕದ್ದು ಎಳೆದುಕೊಂಡಿದ್ದಾರೆ ಎಂದು ಕೆಲವರು, ಮೀಟರ್ ಜೋರಾಗಿ ಓಡುತ್ತಿದೆ ಎಂದು ಕೆಲವರು.

ನನ್ನ ಜೊತೆ ಕೆಲಸ ಕಲಿಯುವ ಹುಡುಗ ಏಣಿ ಹತ್ತಿ, ಬಲ್ಬಿಗೆ ಹೋಗುವ ವೈರಿಗೆ ಟಾಂಗ್ ಟೆಸ್ಟರ್ (ವೈರನ್ನು ಸುತ್ತ ಹಿಡಿದು ಆಂಪಿಯರ್ ತೋರಿಸುವ ಇಕ್ಕಳದಂಥ ಮೀಟರ್) ಹಾಕಿ ನೋಡಿದ. 2.7 ಆಂಪಿಯರ್. ಹೊಸ ಬಲ್ಬಿಗೆ 3 ಬರಬೇಕು. "ಬಲ್ಬ್ ಹಳೇದಾಗಿದೆ ಅಣ್ಣ, ಕರೆಂಟ್ ಕಮ್ಮಿ ತಗೊಳ್ತಿದೆ. ಬಿಲ್ ಏರೋಕೆ ಇದು ಕಾರಣ ಅಲ್ಲ ಬಿಡಿ" ಅಂದ. ಅವನ ಅಳತೆ ಸರಿಯಾಗಿತ್ತು, ತೀರ್ಮಾನ ಮಾತ್ರ ತಿರುಗುಮುರುಗು. ಚೋಕ್ ಮೇಲೆ ಉರಿಯುವ ಸೋಡಿಯಂ ದೀಪ ಹಳೆಯದಾದಂತೆ ಆಂಪಿಯರ್ ಇಳಿಯುತ್ತದೆ, ವ್ಯಾಟ್ ಏರುತ್ತದೆ. ಬರೀ ಟಾಂಗ್ ಟೆಸ್ಟರ್ ಹಿಡಿದು ಈ ದೋಷ ಹುಡುಕುವವರು ಕೆಟ್ಟ ಬಲ್ಬುಗಳನ್ನೆಲ್ಲ ಒಳ್ಳೆಯವೆಂದು ಬಿಟ್ಟು ಬರುವುದು ಇದರಿಂದಲೇ. ಈ ಬರಹ ಹೆಚ್ಚು ಒತ್ತಡದ ಸೋಡಿಯಂ ದೀಪದ ಬಗ್ಗೆ, ಅಂದರೆ ನಮ್ಮ ಬೀದಿ ಮತ್ತು ಯಾರ್ಡುಗಳಲ್ಲಿ ಚಿನ್ನದ ಬಣ್ಣಕ್ಕೆ ಉರಿಯುವ ಮಾಮೂಲಿ ದೀಪದ ಬಗ್ಗೆ.

ಮೊದಲು ಮೀಟರನ್ನೇ ಕೇಳಿ

ಏಣಿ ಹತ್ತುವ ಮುಂಚೆ ನೆಲದ ಮೇಲೆ ನಿಂತೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಎಲೆಕ್ಟ್ರಾನಿಕ್ ಎನರ್ಜಿ ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. ನಮ್ಮ ಯಾರ್ಡಿನ ಮೂರು ಫೇಸ್ ಮೀಟರಿನಲ್ಲಿ ಅದು 800. ದೀಪ ಹಚ್ಚಿ ಅರ್ಧ ಗಂಟೆ ಬಿಟ್ಟು, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ಆಮೇಲೆ ನಿಧಾನಕ್ಕೆ ಓಡಿಸಿ ಎಣಿಸಿದರೆ ತಪ್ಪುವುದಿಲ್ಲ.

250 ವ್ಯಾಟ್ ದೀಪವೆಂದರೆ ಬಲ್ಬಿನಲ್ಲಿ 250, ಚೋಕಿನಲ್ಲಿ ಕಾವಾಗಿ ಹೋಗುವುದು ಇಪ್ಪತ್ತೈದರ ಆಸುಪಾಸು. ದೀಪವೊಂದಕ್ಕೆ 275 ಹಿಡಿದರೆ 24ಕ್ಕೆ 6,600 ವ್ಯಾಟ್. ಆ ಲೆಕ್ಕದಲ್ಲಿ 100 ಮಿನುಗಿಗೆ 68 ಸೆಕೆಂಡ್ ಹಿಡಿಯಬೇಕು. ನಮ್ಮಲ್ಲಿ 62 ಸೆಕೆಂಡಿಗೇ ಮುಗಿಯಿತು, ಅಂದರೆ ಸುಮಾರು 7,260 ವ್ಯಾಟ್. ಒಂದೊಂದೇ ಕಂಬದ ಫ್ಯೂಸ್ ತೆಗೆಯುತ್ತ ಹೋದಾಗ ಮಿನುಗು ಕಡಿಮೆಯಾಗುತ್ತ ಬಂತು, ಕೊನೆಯದನ್ನು ತೆಗೆದಾಗ ಪೂರ್ತಿ ನಿಂತಿತು. ಕಳ್ಳ ವೈರ್ ಇಲ್ಲ. ಹೆಚ್ಚಿನ 660 ವ್ಯಾಟ್ ಈ ದೀಪಗಳಲ್ಲೇ ಎಲ್ಲೋ ಇದೆ. ರಾತ್ರಿಗೆ 11 ಗಂಟೆಯಂತೆ ತಿಂಗಳಿಗೆ 218 ಯೂನಿಟ್ ಆಗುತ್ತದೆ, ಸಣ್ಣ ಮೊತ್ತವಲ್ಲ.

ಮಿನುಗು ಎಣಿಸುವುದರಲ್ಲಿ ಇನ್ನೊಂದು ಅನುಕೂಲ: ಅದು ನಿಜವಾದ ವ್ಯಾಟನ್ನೇ ತೋರಿಸುತ್ತದೆ. ಲೈನಿನ ವ್ಯರ್ಥ ಕರೆಂಟನ್ನು ತಗ್ಗಿಸುವ ಕೆಪಾಸಿಟರ್ ಕೆಟ್ಟಿದ್ದರೂ ಇದರಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ.

ಬಲ್ಬಿನೊಳಗೆ ಆಗುವುದು

ಹೊರಗಿನ ಗಾಜು ಬರೀ ಕವಚ, ಅದರೊಳಗೆ ನಿರ್ವಾತ. ನಡುವೆ ಬೆರಳಿಗಿಂತ ಸಣ್ಣಗಿನ ಬಿಳಿ ಕೊಳವೆ ಇದೆಯಲ್ಲ, ಅದೇ ನಿಜವಾದ ದೀಪ. ಬಿಸಿ ಸೋಡಿಯಂ ಆವಿ ಸಾಮಾನ್ಯ ಗಾಜನ್ನೂ ಸ್ಫಟಿಕ ಗಾಜನ್ನೂ ತಿಂದುಹಾಕುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರಾಬರ್ಟ್ ಕೋಬಲ್ ಬೆಳಕು ತೂರಿಹೋಗುವ ಅಲ್ಯೂಮಿನಾ ಪಿಂಗಾಣಿಯನ್ನು ಮಾಡಿ ತೋರಿಸಿದ ಮೇಲೆಯೇ ಈ ದೀಪಕ್ಕೆ ದಾರಿಯಾದದ್ದು. ಕೊಳವೆಯೊಳಗೆ ಸೋಡಿಯಂ ಮತ್ತು ಪಾದರಸದ ಮಿಶ್ರಣ, ಹತ್ತಿಕೊಳ್ಳಲು ನೆರವಾಗುವ ಕ್ಸೆನಾನ್ ಅನಿಲ. ಮಿಶ್ರಣವನ್ನು ಬೇಕಾದದ್ದಕ್ಕಿಂತ ಹೆಚ್ಚೇ ಹಾಕಿರುತ್ತಾರೆ. ಎಷ್ಟು ಆವಿಯಾಗಬೇಕು ಎಂಬುದನ್ನು ಕೊಳವೆಯ ತುದಿಯಲ್ಲಿರುವ ಅತಿ ತಂಪಾದ ಜಾಗದ ಕಾವು ತೀರ್ಮಾನಿಸುತ್ತದೆ.

ಬಲ್ಬಿಗೆ ವಯಸ್ಸಾಗುವುದು ಈ ತುದಿಯಿಂದಲೇ. ಸಾವಿರಾರು ಗಂಟೆ ಉರಿದ ಮೇಲೆ ಎಲೆಕ್ಟ್ರೋಡಿನಿಂದ ಸಿಡಿದ ಕಣಗಳು ಕೊಳವೆಯ ಎರಡೂ ತುದಿಗೆ ಕಪ್ಪಾಗಿ ಅಂಟುತ್ತವೆ. ಕಪ್ಪು ಬಣ್ಣ ಕಾವನ್ನು ಹೀರುತ್ತದೆ, ತಂಪು ಜಾಗ ಬಿಸಿಯಾಗುತ್ತದೆ, ಇನ್ನಷ್ಟು ಆವಿ ಏಳುತ್ತದೆ, ಒತ್ತಡ ಏರುತ್ತದೆ. ಒತ್ತಡ ಏರಿದರೆ ಜ್ವಾಲೆಯ ಎರಡು ತುದಿಯ ನಡುವಿನ ವೋಲ್ಟೇಜೂ ಏರುತ್ತದೆ. ಇದರ ಜೊತೆಗೆ ಸೋಡಿಯಂ ಸ್ವಲ್ಪ ಸ್ವಲ್ಪವೇ ಕೊಳವೆಯ ಗೋಡೆಯೊಂದಿಗೆ ಬೆರೆತು ಕಳೆದುಹೋಗುತ್ತದೆ. ಉಳಿದ ಮಿಶ್ರಣದಲ್ಲಿ ಪಾದರಸದ ಪಾಲು ಹೆಚ್ಚುತ್ತದೆ, ಅದೂ ವೋಲ್ಟೇಜನ್ನು ಮೇಲಕ್ಕೇ ಒಯ್ಯುತ್ತದೆ. ಹೀಗೆ ಹೊಸದರಲ್ಲಿ 100 ವೋಲ್ಟ್ ಇದ್ದದ್ದು ಸಾವಿರ ಗಂಟೆಗೆ ಕೆಲವು ವೋಲ್ಟಿನಂತೆ ಏರುತ್ತ 130, 140 ಮುಟ್ಟುತ್ತದೆ.

ಇನ್ನು ಚೋಕ್. ಬಲ್ಬ್ ಮತ್ತು ಚೋಕ್ 230 ವೋಲ್ಟನ್ನು ಹಂಚಿಕೊಳ್ಳುತ್ತವೆ, ಆದರೆ ನೇರವಾಗಿ ಕೂಡಿ ಕಳೆದು ಅಲ್ಲ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ ನೆನಪಿಸಿಕೊಳ್ಳಿ: ಉದ್ದನೆಯ ಬಾಹು 230, ಒಂದು ಬಾಹು ಬಲ್ಬಿನ 100, ಇನ್ನೊಂದು ಬಾಹು ಚೋಕಿನದು. ಲೆಕ್ಕ ಹಾಕಿದರೆ ಚೋಕಿನ ಪಾಲು 207 ವೋಲ್ಟ್. ಈಗ ಬಲ್ಬಿನ ಪಾಲು 130ಕ್ಕೆ ಏರಿತು ಅನ್ನಿ. ಚೋಕಿನ ಪಾಲು 190ಕ್ಕೆ ಇಳಿಯುತ್ತದೆ, ಅಷ್ಟೇ. ಬಲ್ಬಿನಲ್ಲಿ ವೋಲ್ಟೇಜ್ ಶೇಕಡಾ 30 ಏರಿದರೂ ಚೋಕಿನಲ್ಲಿ ಕೇವಲ ಶೇಕಡಾ 8 ಇಳಿಯಿತು. ಕರೆಂಟು ಚೋಕಿನ ವೋಲ್ಟೇಜನ್ನು ಹಿಂಬಾಲಿಸುತ್ತದೆ, ಆದ್ದರಿಂದ 3 ಆಂಪಿಯರ್ ಇದ್ದದ್ದು 2.75 ಆಯಿತು. ಬಲ್ಬಿನ ವ್ಯಾಟ್ ಮಾತ್ರ ಎರಡರ ಗುಣಲಬ್ಧವಾದ್ದರಿಂದ 250ರಿಂದ ಮುನ್ನೂರರ ಹತ್ತಿರಕ್ಕೆ ಹೋಯಿತು. ನಿಜವಾದ ದೀಪದಲ್ಲಿ ಅಲೆಯ ಆಕಾರ ಸರಿಯಾದ ಸೈನ್ ಅಲ್ಲದ ಕಾರಣ ಅಂಕಿ ತುಸು ಆಚೆ ಈಚೆ ಆಗುತ್ತದೆ, ದಿಕ್ಕು ಇದೇ.

ಇನ್ನೂ ಬೇಸರದ ಸಂಗತಿಯೆಂದರೆ ಈ ಹೆಚ್ಚಿನ ವ್ಯಾಟ್ ಕೊಳವೆಯನ್ನು ಮತ್ತಷ್ಟು ಕಾಯಿಸುತ್ತದೆ, ಕಾವು ವೋಲ್ಟೇಜನ್ನು ಮತ್ತಷ್ಟು ಏರಿಸುತ್ತದೆ. ಹಾಗಾಗಿ ಕೊನೆಗಾಲದಲ್ಲಿ ಏರಿಕೆ ಬೇಗ ಬೇಗ ಆಗುತ್ತದೆ. ಬೆಳಕೋ, ತುದಿ ಕಪ್ಪಾದ ಕಾರಣ ಹೊಸದಕ್ಕಿಂತ ಕಡಿಮೆಯೇ.

ಅಂತರ್ಜಾಲದಲ್ಲಿ ಅಮೆರಿಕದ ಪಟ್ಟಿ ನೋಡಿ ಗೊಂದಲವಾದವರಿಗೆ ಒಂದು ಮಾತು. ಅಲ್ಲಿನ 150 ವ್ಯಾಟ್ ಬಲ್ಬಿಗೆ 55 ವೋಲ್ಟ್ ಎಂದು ಬರೆದಿರುತ್ತದೆ, ಅದು ಅವರ 120 ವೋಲ್ಟ್ ಸಪ್ಲೈಗೆ ಹೊಂದಿಸಿದ ಬೇರೆ ಜಾತಿಯ ಬಲ್ಬ್. ನಮ್ಮಲ್ಲಿ ಸಿಗುವ 150 ವ್ಯಾಟಿನದು 100 ವೋಲ್ಟ್, 1.8 ಆಂಪಿಯರಿನದು. 70 ವ್ಯಾಟಿನದು ಸುಮಾರು 90 ವೋಲ್ಟ್, 1 ಆಂಪಿಯರ್.

ಅಳೆಯುವ ಬಗೆ

ಹಚ್ಚಿದ ಕೂಡಲೇ ಅಳೆಯಬೇಡಿ. ಹತ್ತಿಕೊಂಡ ಗಳಿಗೆಯಲ್ಲಿ ಬಲ್ಬಿನ ವೋಲ್ಟೇಜ್ ಇಪ್ಪತ್ತರ ಹತ್ತಿರ ಇರುತ್ತದೆ, ಕರೆಂಟ್ ಮೂರಕ್ಕಿಂತ ಬಹಳ ಮೇಲಿರುತ್ತದೆ. ಕಾಲು ಗಂಟೆ ಕಾಯಿರಿ. ಹೊಚ್ಚ ಹೊಸ ಬಲ್ಬನ್ನು ಹೋಲಿಕೆಗೆ ಇಟ್ಟುಕೊಳ್ಳುವುದಾದರೆ ಅದು 100 ಗಂಟೆ ಉರಿದಿರಲಿ, ಅಲ್ಲಿಯವರೆಗೆ ಅದರ ಅಂಕಿ ನೆಲೆಗೆ ನಿಂತಿರುವುದಿಲ್ಲ.

ಕಂಬದ ಬುಡದ ಜಂಕ್ಷನ್ ಪೆಟ್ಟಿಗೆಯಲ್ಲಿ ವ್ಯಾಟ್ ತೋರಿಸುವ ಮೀಟರ್ ಸೇರಿಸಿ ವೋಲ್ಟ್, ಆಂಪಿಯರ್, ವ್ಯಾಟ್ ಮೂರನ್ನೂ ಬರೆದುಕೊಳ್ಳಿ. ಮೀಟರ್ ನಿಜ ಆರ್‌ಎಂಎಸ್ ಓದುವಂಥದ್ದೇ ಆಗಬೇಕು. ಅಗ್ಗದ ಟಾಂಗ್ ಟೆಸ್ಟರ್ ಈ ಡೊಂಕು ಅಲೆಯ ಮೇಲೆ ತಪ್ಪು ಹೇಳುತ್ತದೆ. ನಾನು 24 ಕಂಬಗಳನ್ನೂ ಕೆಳಗಿನಿಂದಲೇ ಅಳೆದೆ, ವ್ಯಾಟ್ 295 ದಾಟಿದವನ್ನು ಗುರುತು ಹಾಕಿಕೊಂಡು ಅವಕ್ಕೆ ಮಾತ್ರ ಏಣಿ ಹಾಕಿದೆ.

ಮೇಲೆ ಹೋದಾಗ ಬಲ್ಬಿನ ವೋಲ್ಟೇಜನ್ನು ನೇರವಾಗಿ ಅಳೆಯುವ ಆಸೆ ಬರುತ್ತದೆ. ಬೇಡ. ದೀಪ ಹೊತ್ತಿಸುವ ಇಗ್ನೈಟರ್ ಹೊಡೆಯುವ ಪೆಟ್ಟು 3ರಿಂದ 5 ಕಿಲೋವೋಲ್ಟ್. ಹೋಲ್ಡರಿಗೆ ಮಲ್ಟಿಮೀಟರ್ ಕೊಟ್ಟಿರುವಾಗ ದೀಪ ಆರಿತೆಂದರೆ ಇಗ್ನೈಟರ್ ತಕ್ಷಣ ಶುರುಮಾಡುತ್ತದೆ. ಮೀಟರ್ ಸುಡುವುದಲ್ಲದೆ ಕೈಗೂ ಅಪಾಯ. ಹಳೆಯ ದೀಪ ಯಾವಾಗ ಆರುತ್ತದೆ ಎಂದು ಹೇಳಲು ಬರುವುದಿಲ್ಲ, ಅದಕ್ಕೇ ಈ ಎಚ್ಚರ. ಚೋಕಿನಿಂದ ಬಲ್ಬಿಗೆ ಹೋಗುವ ವೈರಿಗೆ ಟಾಂಗ್ ಹಾಕಿದರೆ ಸಾಕು, ಮೇಲಿನ ತ್ರಿಭುಜ ಉಳಿದದ್ದನ್ನು ಹೇಳುತ್ತದೆ. ಸಪ್ಲೈ 230 ಇದ್ದಾಗ 3.0 ಬಂದರೆ ಬಲ್ಬ್ 100 ವೋಲ್ಟಿನ ಆಸುಪಾಸಿನಲ್ಲಿದೆ, 2.75 ಬಂದರೆ 130, 2.65 ಬಂದರೆ 140.

ಎರಡು ಅಂಕಿಗಳನ್ನು ಜೊತೆಗಿಟ್ಟು ಓದುವುದು

ಬಲ್ಬಿನ ಆಂಪಿಯರ್ ಇಳಿದು ವ್ಯಾಟ್ ಏರಿದ್ದರೆ ಅದು ಬಹುಮಟ್ಟಿಗೆ ವಯಸ್ಸಾದ ಬಲ್ಬ್. ಆದರೆ ಬಲ್ಬನ್ನು ಬಿಸಾಡುವ ಮುಂಚೆ ಫಿಟ್ಟಿಂಗಿನ ಗಾಜು ಒರೆಸಿ ನೋಡಿ. ನಮ್ಮ ಯಾರ್ಡಿನಲ್ಲಿ ಭತ್ತದ ಹೊಟ್ಟಿನ ದೂಳು ಗಾಜಿನ ಮೇಲೆ ಕಂಬಳಿಯಂತೆ ಕೂತಿರುತ್ತದೆ. ಒಳಗಿನ ಕಾವು ಹೊರಹೋಗದೆ ಕೊಳವೆಗೇ ಮರಳುತ್ತದೆ, ಮಧ್ಯವಯಸ್ಸಿನ ಬಲ್ಬೂ ಮುದಿ ಬಲ್ಬಿನಂತೆ ವರ್ತಿಸುತ್ತದೆ. ಎರಡು ಕಂಬಗಳಲ್ಲಿ ಬರೀ ಒರೆಸಿದ್ದಕ್ಕೇ ವ್ಯಾಟ್ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಆಂಪಿಯರ್ ಏರಿ ವ್ಯಾಟೂ ಏರಿದ್ದರೆ ಬಲ್ಬನ್ನು ಬೈಯಬೇಡಿ. ಮೊದಲು ಸಪ್ಲೈ ವೋಲ್ಟೇಜ್ ನೋಡಿ. ನಡುರಾತ್ರಿ ಅಕ್ಕಿ ಗಿರಣಿಗಳೆಲ್ಲ ನಿಂತ ಮೇಲೆ ನಮ್ಮಲ್ಲಿ 245ರವರೆಗೂ ಏರುತ್ತದೆ. ಸಪ್ಲೈ ಶೇಕಡಾ 5 ಏರಿದರೆ ಬಲ್ಬಿನ ವ್ಯಾಟ್ ಶೇಕಡಾ 10ಕ್ಕೂ ಮೇಲೆ ಏರುತ್ತದೆ. ಅನೇಕ ಚೋಕುಗಳಲ್ಲಿ 220, 240 ಎಂದು ಬೇರೆ ಬೇರೆ ತುದಿಗಳಿರುತ್ತವೆ. 240 ಬರುವ ಜಾಗದಲ್ಲಿ 220ರ ತುದಿಗೆ ಕೊಟ್ಟಿದ್ದರೆ ಬಲ್ಬ್ ಹುಟ್ಟಿದ ದಿನದಿಂದಲೇ ಹೆಚ್ಚು ಉಂಡು ಬೇಗ ಮುದಿಯಾಗುತ್ತದೆ. ಸಪ್ಲೈಯೂ ತುದಿಯೂ ಸರಿಯಿದ್ದು, 3.3, 3.4 ಬರುತ್ತಿದ್ದರೆ ಚೋಕಿನ ಸುತ್ತುಗಳು ಒಳಗೇ ಶಾರ್ಟ್ ಆಗಿವೆ. ಅಂಥ ಚೋಕ್ ಗುಂಯ್ಗುಡುತ್ತದೆ, ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ, ಬಣ್ಣ ಕಂದಿರುತ್ತದೆ. ಅದಕ್ಕೆ ಹೊಸ ಬಲ್ಬ್ ಹಾಕುವುದು ದುಡ್ಡು ಸುಟ್ಟಂತೆ.

ಆಂಪಿಯರ್ ಏರಿ ವ್ಯಾಟ್ ಇಳಿದಿದ್ದರೆ ಬಲ್ಬಿನ ವೋಲ್ಟೇಜ್ ಬಿದ್ದಿದೆ ಎಂದರ್ಥ. ಹೊರಗವಚದ ನಿರ್ವಾತ ಹೋಗಿ ಕೊಳವೆ ತಣ್ಣಗಾದರೆ ಹೀಗಾಗುತ್ತದೆ. ಬೆಳಕು ಮಂಕಾಗಿ, ಬರೀ ಹಳದಿಯಾಗಿ ಕಾಣುತ್ತದೆ. ಇದು ಅಪರೂಪ.

ಬುಡದ ಪೆಟ್ಟಿಗೆಯಲ್ಲಿ ಆಂಪಿಯರ್ ಬಹಳ ಹೆಚ್ಚು, ವ್ಯಾಟ್ ಮಾತ್ರ ಸರಿ ಇದ್ದರೆ ಕೆಪಾಸಿಟರ್ ಹೋಗಿದೆ. 250 ವ್ಯಾಟಿನ ದೀಪಕ್ಕೆ ಹಾಕುವುದು ಸುಮಾರು 33 ಮೈಕ್ರೊಫ್ಯಾರಡ್. ಅದು ಚೆನ್ನಾಗಿದ್ದರೆ ಲೈನಿನಲ್ಲಿ 1.3, 1.4 ಆಂಪಿಯರ್ ಓಡುತ್ತದೆ, ಅರ್ಧ ಸತ್ತಿದ್ದರೆ 2 ಆಗುತ್ತದೆ, ಪೂರ್ತಿ ಸತ್ತಿದ್ದರೆ ಬಲ್ಬಿನ 3 ಆಂಪಿಯರೇ ಲೈನಿನಲ್ಲೂ ಬರುತ್ತದೆ. ಕೆಪಾಸಿಟರಿನ ವೈರಿಗೆ ಟಾಂಗ್ ಹಾಕಿ, ಬಂದ ಆಂಪಿಯರನ್ನು 13.8ರಿಂದ ಗುಣಿಸಿದರೆ 230 ವೋಲ್ಟಿಗೆ ಅದರ ಮೈಕ್ರೊಫ್ಯಾರಡ್ ಸಿಗುತ್ತದೆ. ಬಿಚ್ಚುವಾಗ ತುದಿಗಳನ್ನು ರೆಸಿಸ್ಟರಿನಿಂದ ಕೂಡಿಸಿ ಖಾಲಿ ಮಾಡಿಯೇ ಕೈಹಾಕಿ. ಕೆಟ್ಟ ಕೆಪಾಸಿಟರಿನಿಂದ ಯೂನಿಟ್ ಏರುವುದಿಲ್ಲ. ಕೇಬಲ್ ಬಿಸಿಯಾಗುವುದು, ದೂರದ ಕಂಬದಲ್ಲಿ ವೋಲ್ಟೇಜ್ ಬೀಳುವುದು, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬಂದ ಪಾಲು) ಕುಗ್ಗಿದ್ದಕ್ಕೆ ದಂಡ ಬೀಳುವುದು ಅದರಿಂದ.

ಹತ್ತಿ ಆರುವ ದೀಪ

ಬಲ್ಬಿನ ವೋಲ್ಟೇಜ್ 140, 150 ಮುಟ್ಟಿದ ಮೇಲೆ ಚೋಕಿಗೆ ಅದನ್ನು ಹಿಡಿದಿಡಲು ಆಗುವುದಿಲ್ಲ. ದೀಪ ಹತ್ತಿಕೊಳ್ಳುತ್ತದೆ, ಕೆಲವು ನಿಮಿಷ ಬಿಸಿಯಾಗುತ್ತ ಬೆಳಗುತ್ತದೆ, ಒಮ್ಮೆಲೇ ಆರುತ್ತದೆ. ಒಂದೆರಡು ನಿಮಿಷ ತಣ್ಣಗಾದ ಮೇಲೆ ಇಗ್ನೈಟರ್ ಮತ್ತೆ ಹಚ್ಚುತ್ತದೆ. ರಾತ್ರಿಯಿಡೀ ಇದೇ. ಬಣ್ಣ ಚಿನ್ನದಿಂದ ನಸುಗೆಂಪಿಗೆ ತಿರುಗಿರುತ್ತದೆ. ಈ ಹಂತದಲ್ಲಿ ವ್ಯಾಟ್ ಸರಾಸರಿ ಇಳಿದೇ ಬಿಡುತ್ತದೆ, ಏಕೆಂದರೆ ಉರಿಯುವ ಹೊತ್ತೇ ಕಡಿಮೆ. ಆದ್ದರಿಂದ ಬಿಲ್ಲನ್ನು ಏರಿಸುವುದು ಹತ್ತಿ ಆರುವ ದೀಪವಲ್ಲ, ಆರದೆ ಶಾಂತವಾಗಿ ಉರಿಯುತ್ತಿರುವ ಅದರ ನೆರೆಯವು. ಹಾಗೆಂದು ಆರುವುದನ್ನು ಹಾಗೇ ಬಿಡಬಾರದು. ಪ್ರತಿ ಸಲ ಹೊಡೆದು ಹೊಡೆದು ಇಗ್ನೈಟರ್ ಸಾಯುತ್ತದೆ, ಆಮೇಲೆ ಹೊಸ ಬಲ್ಬ್ ಹಾಕಿದರೂ ಹತ್ತುವುದಿಲ್ಲ.

ಸಂಜೆ ಏಳರಿಂದ ಒಂಬತ್ತರವರೆಗೆ ಆರುತ್ತ, ಆಮೇಲೆ ಬೆಳಗಿನವರೆಗೆ ಸುಮ್ಮನೆ ಉರಿಯುವ ದೀಪ ಇದ್ದರೆ ಅದು ಕೊನೆಯ ಅಂಚಿಗೆ ಬಂದಿದೆ. ಸಂಜೆ ವೋಲ್ಟೇಜ್ ಕುಗ್ಗಿದಾಗ ಅದಕ್ಕೆ ನಿಲ್ಲಲಾಗುವುದಿಲ್ಲ, ರಾತ್ರಿ ಏರಿದಾಗ ಆರದೆ ಉರಿಯುತ್ತದೆ. ಪಕ್ಕದ ಗಿರಣಿಯ ಮೋಟಾರ್ ಶುರುವಾದಾಗ ಸಾಲಿನಲ್ಲಿ ಯಾವ ದೀಪ ಮೊದಲು ಆರುತ್ತದೋ ಅದರ ಕಂಬಕ್ಕೆ ಗುರುತು ಹಾಕಿ. ಮೀಟರ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಹೊತ್ತುಗೊತ್ತಿಲ್ಲದೆ, ಗಾಳಿ ಬೀಸಿದಾಗಲೆಲ್ಲ ಆರಿದರೆ ಅದು ಹೋಲ್ಡರಿನ ಅಥವಾ ಟರ್ಮಿನಲ್ಲಿನ ಸಡಿಲು. ಕತ್ತಲಾದಾಗ ದೀಪ ಹಚ್ಚುವ ಫೋಟೊಸೆಲ್ ಇರುವ ಕಡೆ ಅದಕ್ಕೆ ತನ್ನ ದೀಪದ ಬೆಳಕೇ ಬೀಳುತ್ತಿದ್ದರೂ ಹತ್ತಿ ಆರುತ್ತದೆ. ಒಂದು ಬಟ್ಟೆ ಮುಚ್ಚಿದರೆ ತಿಳಿಯುತ್ತದೆ. ಅನುಮಾನ ಉಳಿದರೆ ಒಳ್ಳೆಯ ಬಲ್ಬನ್ನು ಆ ಫಿಟ್ಟಿಂಗಿಗೆ ಹಾಕಿ ಅರ್ಧ ಗಂಟೆ ನೋಡಿ, ಆರದಿದ್ದರೆ ತಪ್ಪು ಹಳೆಯ ಬಲ್ಬಿನದೇ.

ಬದಲಾಯಿಸುವಾಗ

ನಮ್ಮ 24ರಲ್ಲಿ 12 ಬಲ್ಬ್ ಮುದಿಯಾಗಿದ್ದವು, ಒಂದೊಂದೂ 40, 50 ವ್ಯಾಟ್ ಹೆಚ್ಚು ತಿನ್ನುತ್ತಿತ್ತು. ಎರಡು ಚೋಕ್ ಶಾರ್ಟ್ ಆಗಿದ್ದವು. ಮೂರು ಕೆಪಾಸಿಟರ್ ಸತ್ತಿದ್ದವು, ಅವು ಯೂನಿಟ್ಟಿಗೆ ಸೇರುವುದಿಲ್ಲ. ಎಲ್ಲ ಕೂಡಿಸಿದಾಗ 660ರ ಲೆಕ್ಕ ಹೆಚ್ಚುಕಡಿಮೆ ತಾಳೆಯಾಯಿತು.

24,000 ಗಂಟೆ ಬಾಳಿಕೆ ಎಂದು ಡಬ್ಬಿಯ ಮೇಲೆ ಇರುತ್ತದೆ. ರಾತ್ರಿಗೆ 11 ಗಂಟೆಯಂತೆ ಆರು ವರ್ಷ. ಆದರೆ ಅದು ಎಷ್ಟು ಬಲ್ಬ್ ಇನ್ನೂ ಉರಿಯುತ್ತಿವೆ ಎಂಬುದರ ಲೆಕ್ಕ, ಎಷ್ಟು ಕರೆಂಟ್ ತಿನ್ನುತ್ತಿವೆ ಎಂಬುದರದ್ದಲ್ಲ. ಆರಿಹೋದ ಮೇಲೆ ಬದಲಾಯಿಸೋಣ ಎಂದು ಕಾಯುವುದನ್ನು ನಾನು ಒಪ್ಪುವುದಿಲ್ಲ. ಸಪ್ಲೈ ಏರುಪೇರು ಇರುವ ನಮ್ಮಂಥ ಕಡೆ ನಾಲ್ಕು ವರ್ಷಕ್ಕೆ ಇಡೀ ಸಾಲನ್ನೇ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು. ಏಣಿ ಹಾಕುವ ಕೂಲಿಯೇ ಬಲ್ಬಿನ ಬೆಲೆಗೆ ಹತ್ತಿರ ಬರುತ್ತದೆ. ಬಲ್ಬಿನ ತಳದಲ್ಲಿ ಹಾಕಿದ ತಿಂಗಳು, ವರ್ಷ ಬರೆಯಿರಿ.

ತೆಗೆದ ಬಲ್ಬನ್ನು ಒಡೆದು ತಿಪ್ಪೆಗೆ ಎಸೆಯಬೇಡಿ, ಒಳಗೆ ಪಾದರಸವಿದೆ. ಸೋಡಿಯಂ ನೀರು ತಾಗಿದರೆ ಕೆರಳುತ್ತದೆ. ಹಳೆಯ ಡಬ್ಬಿಯಲ್ಲೇ ಹಾಕಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಎಲ್‌ಇಡಿಗೆ ಹೋಗುವವರೂ ಇದ್ದಾರೆ. 2015ರಲ್ಲಿ ಕೇಂದ್ರದ ಬೀದಿದೀಪ ಯೋಜನೆ ಶುರುವಾದ ಮೇಲೆ ಎಷ್ಟೋ ಊರುಗಳಲ್ಲಿ ಸೋಡಿಯಂ ಮರೆಯಾಗಿದೆ. ದುಡ್ಡಿದ್ದರೆ ಅದೇ ಸರಿಯಾದ ದಾರಿ. ಹಳೆಯ ಹೋಲ್ಡರಿಗೇ ತಿರುಗಿಸುವ ಎಲ್‌ಇಡಿ ಬಲ್ಬ್ ಹಾಕುವುದಾದರೆ ಇಗ್ನೈಟರನ್ನು ಕಿತ್ತು ಹಾಕಲೇಬೇಕು. ಅದರ ಒಂದೇ ಪೆಟ್ಟಿಗೆ ಒಳಗಿನ ಡ್ರೈವರ್ (ಬಲ್ಬಿಗೆ ಕರೆಂಟನ್ನು ಹದಮಾಡಿ ಕೊಡುವ ಸರ್ಕ್ಯೂಟ್) ಸುಟ್ಟುಹೋಗುತ್ತದೆ. ಚೋಕನ್ನು ಬಿಟ್ಟು ನೇರ ವೈರ್ ಕೊಡಿ, ಕೆಪಾಸಿಟರನ್ನೂ ಕಳಚಿ. ಅದು ಉಳಿದರೆ ಪವರ್ ಫ್ಯಾಕ್ಟರ್ ಇನ್ನೊಂದು ಕಡೆಗೆ ವಾಲುತ್ತದೆ.

ನಾವು ಸದ್ಯಕ್ಕೆ 12 ಬಲ್ಬ್, ಎರಡು ಚೋಕ್, ಮೂರು ಕೆಪಾಸಿಟರ್ ಹೊಸದು ಹಾಕಿ, ಉಳಿದ ಗಾಜುಗಳನ್ನೆಲ್ಲ ತೊಳೆದೆವು. ಹತ್ತು ದಿನ ಉರಿದ ಮೇಲೆ ಹುಡುಗನ ಕೈಗೇ ಮೊಬೈಲ್ ಕೊಟ್ಟು ಮೀಟರಿನ ಮುಂದೆ ನಿಲ್ಲಿಸಿದೆ. 100 ಮಿನುಗಿಗೆ ಅವನಿಗೆ ಬಂದದ್ದು 68 ಸೆಕೆಂಡ್. ಅವನು ಇನ್ನೊಮ್ಮೆ ಎಣಿಸಿದ.